ನಮ್ಮ ಮನೆಯ ಭಾನುವಾರದ ಸಾರು ಬದಲಾದ ಬಗೆ

ಕೋಲಾರದ ಕಡೆಯವರಿಗೆ ಬಾಡು, ಅಂದರೆ ಮಾಂಸ, ಬಿಟ್ಟುಬಿಡಿ ಅಂದರೆ ಯಾರೂ ಕೇಳುವುದಿಲ್ಲ. ನನಗೆ ಹೇಳಿದ್ದರೆ ನಾನೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಾಡು ಈಗಲೂ ಇದೆ, ಆದರೆ ಮೊದಲು ತರುತ್ತಿದ್ದ ಅರ್ಧದಷ್ಟೂ ಇಲ್ಲ. ಭೂಮಿ ಬಿಸಿಯಾಗುವುದರಲ್ಲಿ ನಮ್ಮ ಪಾಲು ಕಡಿಮೆಯಾಗಲಿ ಅಂತ ಅದನ್ನು ಹೇಗೆ ಇಳಿಸಿದೆವು ಅಂತ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಓದಲು ಸಿಗುವ ಸಲಹೆಯೆಲ್ಲ ತೋಫು, ಓಟ್ಸ್ ಹಾಲು, ಸೋಯಾ ಬರ್ಗರ್ ಅನ್ನುತ್ತದೆ, ಮುದ್ದೆ ಉಣ್ಣುವ ಮನೆಗೆ ಅದು ಯಾವುದೂ ಹೊಂದುವುದಿಲ್ಲ. ನಮಗೆ ಬೇಕಾದದ್ದು ಮುದ್ದೆ ಅದ್ದಿಕೊಳ್ಳಲು ಗಟ್ಟಿಯಾದ, ಖಾರವಾದ ಒಂದು ಸಾರು. ಅದು ಸಿಕ್ಕರೆ ಉಳಿದದ್ದೆಲ್ಲ ಸುಲಭ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ನನ್ನನ್ನು ಒಪ್ಪಿಸಿದ್ದು ಅದೇ. ಜೋಸೆಫ್ ಪೂರ್, ಥಾಮಸ್ ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿ ಕೂಡಿಸಿ, ಯಾವ ಆಹಾರದಿಂದ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಹೊರಬರುತ್ತದೆ ಅಂತ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 100 ಗ್ರಾಂ ಪ್ರೋಟೀನ್ ಸಿಗಬೇಕಾದರೆ ಕುರಿ ಮಾಂಸದಿಂದ ಜಗತ್ತಿನ ಸರಾಸರಿ ಸುಮಾರು 20 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಬರುತ್ತದೆ. ಕೋಳಿಯಿಂದ ಆರರ ಹತ್ತಿರ. ಮೊಟ್ಟೆಯಿಂದ ನಾಲ್ಕು. ಬೇಳೆಕಾಳಿನಿಂದ ಒಂದಕ್ಕಿಂತ ಕಡಿಮೆ. ಇದನ್ನು ನಾನು ಅಡುಗೆಮನೆಯ ಲೆಕ್ಕಕ್ಕೆ ತಂದುಕೊಂಡೆ. ನಮ್ಮ 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಒಂದು ಕೆ.ಜಿ. ಮೂಳೆ ಇಲ್ಲದ ಕುರಿ ಮಾಂಸದಲ್ಲಿ ಸುಮಾರು 200 ಗ್ರಾಂ ಪ್ರೋಟೀನ್ ಅಂತ ಹಿಡಿದರೆ 40 ಕೆ.ಜಿ. ಆಯಿತು. ಅಂದರೆ ಒಂದು ಕೆ.ಜಿ. ಮಾಂಸ, ಒಂದು ಸಿಲಿಂಡರ್! ನಾವು ತರುವುದು ಮೂಳೆ ಸೇರಿದ ಮಟನ್, ಹಾಗಾಗಿ ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ. ಆದರೂ ವಾರ ವಾರ ಒಂದೂವರೆ ಕೆ.ಜಿ. ತರುವ ಮನೆಯವರು ಸಿಮ್ಮಿನಲ್ಲಿಟ್ಟು ಗ್ಯಾಸ್ ಉಳಿಸಿ ಎಷ್ಟು ಉಳಿಸಿದಂತಾಯಿತು?

ಇದನ್ನು ಹೇಳಿದಾಗ ನಮ್ಮ ಯಜಮಾನರು ಕೇಳಿದ ಮೊದಲ ಪ್ರಶ್ನೆ, “ಊರಲ್ಲೇ ಮೇದ ಕುರಿ ಕಣೇ, ಲಾರೀಲಿ ಬಂದಿಲ್ಲ, ವಿಮಾನದಲ್ಲಿ ಬಂದಿಲ್ಲ, ಅದೇನು ಮಾಡ್ತು?” ನ್ಯಾಯವಾದ ಪ್ರಶ್ನೆ. ಆದರೆ ಹೆಚ್ಚಿನ ಆಹಾರಗಳಲ್ಲಿ ಸಾಗಾಟದ ಪಾಲು ನೂರಕ್ಕೆ ಹತ್ತೂ ಬರುವುದಿಲ್ಲ. ಕುರಿಯ ವಿಷಯದಲ್ಲಿ ಮುಖ್ಯವಾದದ್ದು ಅದರ ಹೊಟ್ಟೆ. ಹಸು, ಎಮ್ಮೆ, ಕುರಿ, ಮೇಕೆ ಎಲ್ಲದಕ್ಕೂ ನಾಲ್ಕು ಕೋಣೆಯ ಹೊಟ್ಟೆ ಇದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆಯುವಾಗ ಮೀಥೇನ್ ಹುಟ್ಟುತ್ತದೆ, ಅದರಲ್ಲಿ ಬಹುಪಾಲು ತೇಗಿನಲ್ಲೇ ಹೊರಬರುತ್ತದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಆದರೆ ಗಾಳಿಯಲ್ಲಿ ಅದು ಇರುವುದು ಹತ್ತು ಹನ್ನೆರಡು ವರ್ಷ ಅಷ್ಟೇ. ನನಗೆ ಧೈರ್ಯ ಕೊಟ್ಟ ಮಾತು ಇದು. ಇವತ್ತು ಕಡಿಮೆ ಮಾಡಿದರೆ ಅದರ ಫಲ ನನ್ನ ಮಗ ದೊಡ್ಡವನಾಗುವಷ್ಟರಲ್ಲೇ ಗಾಳಿಯಲ್ಲಿ ಕಾಣುತ್ತದೆ.

ಹಾಗಂತ ಕುರಿ ಸಾಕುವವರನ್ನು ನಾನು ದೂರುವುದಿಲ್ಲ. ನಮ್ಮ ಕಡೆ ಕುರಿ ಮೇಯುವುದು ಕಟಾವಾದ ಹೊಲದ ಕೂಳೆ, ಕೆರೆ ಅಂಗಳ, ಗೋಮಾಳ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಗೊಬ್ಬರವೂ ಆಗುತ್ತದೆ. ಅವರ ಬದುಕು ಹಾಗೇ ಇರಲಿ. ಬಾಡು ತಿನ್ನುವುದು ಕೀಳು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಬೇಕು, ಹಬ್ಬಕ್ಕೊಮ್ಮೆ ಮಾತ್ರ ಬಾಡು ಕಾಣುವ ಮನೆಯವರು ಏನನ್ನೂ ಕಡಿಮೆ ಮಾಡಬೇಕಾಗಿಲ್ಲ. ನಾನು ಹೇಳುತ್ತಿರುವುದು ನಮ್ಮಂಥವರಿಗೆ, ಭಾನುವಾರ ಮಟನ್, ಬುಧವಾರ ಚಿಕನ್, ನಡುವೆ ಯಾರಾದರೂ ಬಂದರೆ ಬಿರಿಯಾನಿ ಅನ್ನುವವರಿಗೆ. ಇಷ್ಟೊಂದು ತಿನ್ನುವುದು ಹಳೇ ಪದ್ಧತಿಯೂ ಅಲ್ಲ. ಅತ್ತೆಯನ್ನು ಕೇಳಿದರೆ, “ಹಬ್ಬಕ್ಕೆ ಒಂದು ಪಾಲು, ನೆಂಟರು ಬಂದರೆ ಹಿತ್ತಲ ಕೋಳಿ, ಮಿಕ್ಕ ದಿನ ಸೊಪ್ಪು ಕಾಳೇ ಅಲ್ವೇನಮ್ಮ” ಅನ್ನುತ್ತಾರೆ.

ಶುರು ಮಾಡಿದ್ದು ಬೆರಕೆಯಿಂದ. ಒಂದೂವರೆ ಕೆ.ಜಿ. ಬದಲು ಅರ್ಧ ಕೆ.ಜಿ. ಮಟನ್ ತಂದು, ಅದಕ್ಕೆ ಅವರೆಕಾಳು ಹಾಕಿ ಸಾರು ಮಾಡಿದೆ. ಇದು ಹೊಸದೇನಲ್ಲ, ಅವರೆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಮಾಡುವ ಸಾರು. ಅಂಗಡಿಯಲ್ಲಿ ಎದೆ ಭಾಗ, ಮೂಳೆ ಜಾಸ್ತಿ ಹಾಕಿ ಅಂತ ಕೇಳಿ ತರಬೇಕು, ಸಾರಿಗೆ ರುಚಿ ಬರುವುದು ಮೂಳೆಯಿಂದಲೇ. ತಟ್ಟೆಯಲ್ಲಿ ತುಂಡು ಕಡಿಮೆಯಾದರೂ ಸಾರಿನ ವಾಸನೆ ಅದೇ ಇರುವುದರಿಂದ ಮನೆಯಲ್ಲಿ ಯಾರೂ ಮುನಿಸಿಕೊಳ್ಳಲಿಲ್ಲ. ಇಷ್ಟು ಮಾಡಿದರೇ ಮೂರರಲ್ಲಿ ಎರಡು ಪಾಲು ಮಟನ್ ಉಳಿಯಿತು ನೋಡಿ. ಈ ಹಂತದಲ್ಲಿ ಬೇಕಾದಷ್ಟು ದಿನ ನಿಲ್ಲಬಹುದು, ಅವಸರ ಬೇಡ.

ಆಮೇಲೆ ಬಾಡೇ ಇಲ್ಲದ ಭಾನುವಾರ. ಇಲ್ಲಿ ಗೆದ್ದದ್ದು ಉಂಡೆ ಸಾರು. ಕೈಮಾ ಉಂಡೆ ಸಾರಿಗೆ ಹಾಕುವ ಮಸಾಲೆಯನ್ನೇ ಹಾಕುತ್ತೇನೆ, ಉಂಡೆ ಮಾತ್ರ ತೊಗರಿಬೇಳೆಯದು. ಬೇಳೆಯನ್ನು ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹಸಿಮೆಣಸಿನಕಾಯಿ, ಶುಂಠಿ, ಒಂದಿಷ್ಟು ತೆಂಗಿನತುರಿ ಹಾಕಿ ತರಿತರಿಯಾಗಿ ರುಬ್ಬಬೇಕು. ನುಣ್ಣಗಾದರೆ ಉಂಡೆ ಕಲ್ಲಾಗುತ್ತದೆ. ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಧಾರಾಳವಾಗಿ ಸೇರಿಸಿ, ಹಿಡಿದಾಗ ಬಿಡುವಂತಿದ್ದರೆ ಹುರಿಗಡಲೆ ಪುಡಿ ಒಂದೆರಡು ಚಮಚ. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿಕೊಂಡು, ಕುದಿಯುವ ಸಾರಿಗೆ ಒಂದೊಂದೇ ಬಿಡಬೇಕು. ಬಿಟ್ಟ ಮೇಲೆ ಸೌಟು ಆಡಿಸಬಾರದು.

ಮಸಾಲೆಯ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಬಾಡಿಲ್ಲದ ಸಾರು ಸಪ್ಪೆ ಅನ್ನಿಸುವುದು ಮಸಾಲೆ ಕಡಿಮೆಯಾಗಿ ಅಲ್ಲ, ಮಾಂಸದ ಕೊಬ್ಬು ಇಲ್ಲದೆ. ಅದನ್ನು ತುಂಬಲು ಕಡಲೆಕಾಯಿ ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ, ಈರುಳ್ಳಿಯನ್ನು ಕಂದು ಬಣ್ಣ ಬರುವ ತನಕ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಅದೇ ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಧನಿಯ, ಗಸಗಸೆ, ಕೊನೆಗೆ ತೆಂಗಿನಕಾಯಿ. ಕಾಳು ಸಾರಾದರೆ ಬೆಂದ ಕಾಳಲ್ಲಿ ಒಂದು ಹಿಡಿ ತೆಗೆದು ಮಸಾಲೆ ಜೊತೆಗೇ ರುಬ್ಬುತ್ತೇನೆ, ಸಾರು ಮುದ್ದೆಗೆ ಹತ್ತುತ್ತದೆ. ಮೊಳಕೆ ಹುರುಳಿಕಾಳಿಗೆ ಬದನೆಕಾಯಿ, ಆಲೂಗಡ್ಡೆ ಸೇರಿಸಿ ಹೀಗೆ ಮಾಡಿ ನೋಡಿ, ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಹುರುಳಿ ಬೇಯಲು ಹೊತ್ತು ಹಿಡಿಯುತ್ತದೆ, ರಾತ್ರಿಯೇ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಗ್ಯಾಸೂ ಉಳಿಯುತ್ತದೆ.

ಪನೀರ್‌ಗೆ ಮಾತ್ರ ನಾನು ಹೋಗಲಿಲ್ಲ. ಮಟನ್ ಬೇಡ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಪನೀರ್. ಆದರೆ ಹಾಲು ಕೊಡುವುದೂ ನಾಲ್ಕು ಕೋಣೆಯ ಹೊಟ್ಟೆಯ ಹಸುವೇ ಅಲ್ವಾ. ಅದೇ ಅಧ್ಯಯನದಲ್ಲಿ ಚೀಸ್‌ಗೆ 100 ಗ್ರಾಂ ಪ್ರೋಟೀನಿಗೆ 11 ಕೆ.ಜಿ.ಯಷ್ಟು ಬರುತ್ತದೆ, ಕೋಳಿಗಿಂತ ಜಾಸ್ತಿ. ಹಾಗಾಗಿ ಸಸ್ಯಾಹಾರ ಅಂದ ಮಾತ್ರಕ್ಕೆ ಹಗುರ ಅಂತ ತಿಳಿಯಬೇಡಿ. ನೆಂಟರು ಬಂದು ಏನಾದರೂ ಮಾಡಲೇಬೇಕಾದರೆ ನಾನು ಕೋಳಿ ಸಾರೇ ಮಾಡುತ್ತೇನೆ. ಅನ್ನವನ್ನೂ ಜಾಸ್ತಿ ಮಾಡಲಿಲ್ಲ. ನೀರು ನಿಂತ ಗದ್ದೆಯಿಂದಲೂ ಮೀಥೇನ್ ಬರುತ್ತದೆ, ನಮ್ಮ ರಾಗಿ ಮಳೆ ನೀರಲ್ಲೇ ಬೆಳೆಯುವ ಬೆಳೆ.

ರಾಗಿ ಅಂದ ಮೇಲೆ ಅಕ್ಕಡಿ ನೆನಪಾಗುತ್ತದೆ. ತವರಿನಲ್ಲಿ ಅಪ್ಪ ಈಗಲೂ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ ಹಾಕುತ್ತಾರೆ. ಹೋದಾಗ ಒಂದು ಅವರೆ ಗಿಡ ಕಿತ್ತು ಮಗನಿಗೆ ಬೇರು ತೋರಿಸಿದೆ. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಉಗುರಲ್ಲಿ ಒಂದನ್ನು ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಅಷ್ಟರ ಮಟ್ಟಿಗೆ ಯೂರಿಯಾ ಬೇಡ. ಯೂರಿಯಾ ಹಾಕಿದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಬರುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುವ ಅನಿಲ. ಕಾಳಿನ ಲೆಕ್ಕ ಅಷ್ಟು ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣ. ಮಗ ಇನ್ನೂ ನಾಲ್ಕು ಗಿಡ ಕೀಳಲು ಹೊರಟಿದ್ದ, ಅಪ್ಪ ತಡೆದರು.

ಹಬ್ಬಗಳನ್ನು ಮುಟ್ಟಲಿಲ್ಲ. ಯುಗಾದಿ ಮಾರನೇ ದಿನದ ಹೊಸತೊಡಕು, ಊರ ಜಾತ್ರೆ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು, ಇವೆಲ್ಲ ಮೊದಲಿನಂತೆಯೇ. ಇವನ್ನು ಕೆದಕಿದ್ದರೆ ಅತ್ತೆಯೂ ಜೊತೆಗೆ ನಿಲ್ಲುತ್ತಿರಲಿಲ್ಲ, ನನಗೂ ಮನಸ್ಸಿರಲಿಲ್ಲ. ಇನ್ನೊಂದು ಕಡೆ ಸೋಮವಾರ, ಶನಿವಾರ, ಶ್ರಾವಣ ಅಂತ ಬಾಡು ಮುಟ್ಟದ ದಿನಗಳು ನಮ್ಮಲ್ಲಿ ಮೊದಲೇ ಇವೆ. ಆ ದಿನಗಳ ಅಡುಗೆ ಎಲ್ಲರಿಗೂ ಇಷ್ಟವೇ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಭಾನುವಾರಕ್ಕೆ ಯಾಕೆ ಬರಬಾರದು ಅಂತ ಅತ್ತೆಯೇ ಒಂದು ದಿನ ಕೇಳಿದರು.

ಆರೋಗ್ಯದ ಬಗ್ಗೆ ಎರಡು ಮಾತು. ವಿಟಮಿನ್ ಬಿ12 ಕಾಳು ಸೊಪ್ಪಿನಲ್ಲಿ ಸಿಗುವುದಿಲ್ಲ, ಮೊಟ್ಟೆ, ಹಾಲು, ಮೊಸರು ಇಟ್ಟುಕೊಳ್ಳಿ. ಕಾಳಿನ ಕಬ್ಬಿಣ ಮೈಗೆ ಹತ್ತಲು ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟ ಆದ ಕೂಡಲೇ ಕಾಫಿ ಟೀ ಬೇಡ. ವಾಯು ಆಗುತ್ತದೆ ಅನ್ನುವವರು ಕಾಳನ್ನು ಚೆನ್ನಾಗಿ ನೆನೆಸಿ, ಇಂಗು ಹಾಕಿ, ಮೊದಮೊದಲು ಕಡಿಮೆ ತಿನ್ನಿ.

ಹಣದ ಮಾತೂ ಇದೆ. ಮಟನ್‌ನಲ್ಲಿ ಉಳಿದ ದುಡ್ಡನ್ನು ನಾನು ಒಳ್ಳೆ ಕಾಳಿಗೆ, ಗಾಣದ ಎಣ್ಣೆಗೆ ಹಾಕುತ್ತೇನೆ. ಸೊನೆ ಅವರೆ ಸಿಗುವುದು ಸಂಕ್ರಾಂತಿ ಆಸುಪಾಸು ಮಾತ್ರ, ಆಗ ಮನೆಯವರೆಲ್ಲ ಕೂತು ಹಿತುಕಿ ವಾರಕ್ಕೆರಡು ಸಲ ಹಿತ್ಕಿದ ಬೇಳೆ ಸಾರು. ಬೇಸಿಗೆಗೆ ಬೇಕಾದ ಒಣ ಕಾಳನ್ನು ಸುಗ್ಗಿಯಲ್ಲೇ ರೈತರಿಂದ ಕೊಂಡು ಇಟ್ಟುಕೊಳ್ಳಿ. ಹುಳ ಬೀಳದಂತೆ ಅತ್ತೆ ಕೆಮ್ಮಣ್ಣು ಕಟ್ಟುತ್ತಾರೆ: ಜರಡಿ ಹಿಡಿದ ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ಕಾಳಿಗೆ ಸವರಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಡಬ್ಬಕ್ಕೆ ತುಂಬುವುದು. ಬಳಸುವಾಗ ಮೂರು ನೀರಲ್ಲಿ ತೊಳೆದರೆ ಸಾಕು.