ಮಧ್ಯರಾತ್ರಿ ಹೀಟಿಂಗ್ ಎಣ್ಣೆ ಖಾಲಿ: ನಾನು ಮಾಡಿದ್ದು

ಚಳಿಗೆ ಎಚ್ಚರವಾಯಿತು. ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಫರ್ನೇಸ್‌ನ ಸದ್ದೇ ಇಲ್ಲ. ಟ್ಯಾಂಕಿನ ಗೇಜ್ ತಳ ಮುಟ್ಟಿತ್ತು. ಎಣ್ಣೆ ಲಾರಿ ಬರಲು ಇನ್ನೂ ಎರಡು ದಿನ. ಮನೆಯಲ್ಲಿ ಪುಟ್ಟ ಮಗು ಬೇರೆ.

ಮೊದಲು ಫರ್ನೇಸ್ ಸ್ವಿಚ್ ಆರಿಸಿದೆ. ಬಂಕ್‌ನಿಂದ 20 ಲೀಟರ್ ಡೀಸೆಲ್ ತಂದು ಟ್ಯಾಂಕಿಗೆ ಸುರಿದೆ. ನಮ್ಮ ಫರ್ನೇಸ್ ಎಣ್ಣೆಯೂ ಡೀಸೆಲ್ಲೂ ಹೆಚ್ಚುಕಡಿಮೆ ಒಂದೇ ಜಾತಿ, ಒಂದೆರಡು ದಿನಕ್ಕೆ ನಡೆಯುತ್ತದೆ. ಪೆಟ್ರೋಲ್ ಮಾತ್ರ ಯಾವ ಕಾರಣಕ್ಕೂ ಹಾಕಬಾರದು, ಸಿಡಿದೀತು. ಕದಡಿದ ಕೆಸರು ತಳಕ್ಕೆ ಇಳಿಯಲಿ ಎಂದು ಕಾಲು ಗಂಟೆ ಕಾದೆ.

ಆದರೂ ಹೊತ್ತಿಕೊಳ್ಳಲಿಲ್ಲ. ಪೈಪಿನಲ್ಲಿ ಗಾಳಿ ಸೇರಿತ್ತು. ಪಂಪಿನ ಬ್ಲೀಡರ್‌ಗೆ (ಗಾಳಿ ಹೊರಬಿಡುವ ತಿರುಪು) ಸಣ್ಣ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯೊಳಗೆ ಇಟ್ಟೆ. ಸ್ವಿಚ್ ಹಾಕಿ, ಫರ್ನೇಸ್‌ನ ರೀಸೆಟ್ ಗುಂಡಿ ಒತ್ತಿ, ಬ್ಲೀಡರ್ ಸಡಿಲಿಸಿದೆ. ನೊರೆನೊರೆಯಾಗಿ ಎಣ್ಣೆ ಬಂತು. ಗುಳ್ಳೆ ನಿಂತು ಒಂದೇ ಧಾರೆಯಾದ ಮೇಲೆ ಬಿಗಿ ಮಾಡಿದೆ. ತಕ್ಷಣ ಉರಿ ಹತ್ತಿತು. ಆ ಸದ್ದು ಕೇಳಿ ಎಷ್ಟು ಸಮಾಧಾನವಾಯಿತು ಗೊತ್ತಾ!

ಒಂದು ಮಾತು, ರೀಸೆಟ್ ಅನ್ನು ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಉರಿಯದ ಎಣ್ಣೆ ಒಳಗೆ ತುಂಬಿಕೊಂಡು ಒಮ್ಮೆಲೇ ಭುಗಿಲ್ ಎನ್ನಬಹುದು. ಇದ್ದಿಲ ಒಲೆಯನ್ನೂ ಮನೆಯೊಳಗೆ ಹಚ್ಚಬೇಡಿ. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತದೆ.

ಈಗ ಗೇಜ್ ಕಾಲು ಭಾಗಕ್ಕೆ ಇಳಿದ ಕೂಡಲೇ ಎಣ್ಣೆಗೆ ಫೋನ್ ಮಾಡುತ್ತೇನೆ.