ರಕ್ಷಣಾ ಸಚಿವಾಲಯಕ್ಕೆ ಅರ್ಜಿ ಬರೆಯುವ ಮುಂಚೆ: ಯಾವ ಬಾಗಿಲು ತಟ್ಟಬೇಕು?

ನಮ್ಮ ಮಾವ ಹವಾಲ್ದಾರ್ ಆಗಿ ನಿವೃತ್ತರಾದವರು. ಪಿಂಚಣಿ ಲೆಕ್ಕ ಎಲ್ಲೋ ತಪ್ಪಿದೆ ಅಂತ ಮೂರು ಪುಟ ಬರೆದು, ಲಕೋಟೆ ಮೇಲೆ 'ರಕ್ಷಣಾ ಸಚಿವಾಲಯ, ನವದೆಹಲಿ' ಅಂತಷ್ಟೇ ಹಾಕಿ ಕಳಿಸಿದ್ದರು. ತಿಂಗಳುಗಟ್ಟಲೆ ಉತ್ತರವೇ ಇಲ್ಲ. ಆ ಒಂದು ಹೆಸರಿನ ಕೆಳಗೆ ಐದು ಇಲಾಖೆಗಳಿವೆ, ಪ್ರತಿಯೊಂದಕ್ಕೂ ಬೇರೆ ಕಾರ್ಯದರ್ಶಿ, ಬೇರೆ ಕಡತ ಅಂತ ನಮಗೂ ಆಮೇಲೆಯೇ ಗೊತ್ತಾಗಿದ್ದು.

ಹಾಗಾಗಿ ಬರೆಯುವ ಮುಂಚೆ ನೋಡಿಕೊಳ್ಳಿ: ನಿಮ್ಮ ವಿಷಯ ಜನರದ್ದಾ, ಜಾಗದ್ದಾ, ಸಾಮಾನಿನದ್ದಾ?

ನಿವೃತ್ತರ ವಿಷಯಕ್ಕೆ ಮಾಜಿ ಸೈನಿಕರ ಕಲ್ಯಾಣ ಇಲಾಖೆ ಇದೆ. ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯೂ ಅದರದ್ದೇ. ಆದರೆ ಪಿಂಚಣಿ ಲೆಕ್ಕ ನೋಡುವುದು ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿ, ಅದಕ್ಕೇ ಮೊದಲು ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ದೂರು ಹಾಕಿ. ಕಂಪ್ಯೂಟರ್ ಗೋಜು ಬೇಡ ಅಂದರೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. ಅದು ರಾಜ್ಯ ಸರ್ಕಾರದ್ದು, ಆದರೂ ದಾರಿ ಹೇಳುತ್ತಾರೆ.

ಈಗ ಸೇವೆಯಲ್ಲಿರುವ ಮೂರೂ ಪಡೆಗಳು ಸೇನಾ ವ್ಯವಹಾರಗಳ ಇಲಾಖೆಗೆ ಸೇರುತ್ತವೆ. 2020ರ ಜನವರಿಯಿಂದ ಇದಕ್ಕೆ ರಕ್ಷಣಾ ಪಡೆಗಳ ಮುಖ್ಯಸ್ಥರಾದ ಸಿಡಿಎಸ್ ಅವರೇ ಕಾರ್ಯದರ್ಶಿ, ಅಂದರೆ ಸಮವಸ್ತ್ರದವರು. ಪಕ್ಕದಲ್ಲೇ ಇರುವ 'ರಕ್ಷಣಾ ಇಲಾಖೆ'ಗೆ ಐಎಎಸ್‌ನಿಂದ ಬಂದ ರಕ್ಷಣಾ ಕಾರ್ಯದರ್ಶಿ. ಎನ್‌ಸಿಸಿ, ಗಡಿ ರಸ್ತೆ, ಬೆಳಗಾವಿಯ ಕ್ಯಾಂಟೋನ್ಮೆಂಟ್ ಬೋರ್ಡ್‌ನಂಥವೆಲ್ಲ ಅಲ್ಲಿಗೆ. ತಮಾಷೆ ಏನಂದರೆ ಕಾರವಾರದ ನೌಕಾಪಡೆ ಒಂದು ಇಲಾಖೆ, ಮಂಗಳೂರಿನ ಕೋಸ್ಟ್ ಗಾರ್ಡ್ ಇನ್ನೊಂದು. ಸಮುದ್ರ ಒಂದೇ, ಅಲ್ವಾ! ಬಿಎಸ್‌ಎಫ್, ಸಿಆರ್‌ಪಿಎಫ್ ವಿಷಯವನ್ನಂತೂ ಇಲ್ಲಿಗೆ ತರಲೇಬೇಡಿ, ಅವು ಗೃಹ ಸಚಿವಾಲಯದವು.

ಸಾಮಾನಿನ ಕಥೆಗೆ ತೇಜಸ್ ನೋಡಿ. ವಿಮಾನ ಬೇಕು ಅನ್ನುವುದು ವಾಯುಪಡೆ. ವಿನ್ಯಾಸ ಮಾಡುವುದು ರಕ್ಷಣಾ ಸಂಶೋಧನಾ ಇಲಾಖೆಯ ಕಡೆಯವರು, ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಕೂಡ ಅಲ್ಲೇ. ತಯಾರಿಸುವ ಎಚ್‌ಎಎಲ್ ಬರುವುದು ರಕ್ಷಣಾ ಉತ್ಪಾದನಾ ಇಲಾಖೆಗೆ. ದೊಡ್ಡ ಖರೀದಿಯ ಕಡತ ಮತ್ತೆ ರಕ್ಷಣಾ ಇಲಾಖೆಯಲ್ಲಿ, ಅದರ ಮೇಲೆ ರಕ್ಷಣಾ ಮಂತ್ರಿಗಳ ಅಧ್ಯಕ್ಷತೆಯ ಖರೀದಿ ಮಂಡಳಿ, ಅದಕ್ಕೂ ಮೇಲೆ ಪ್ರಧಾನಿಗಳ ಅಧ್ಯಕ್ಷತೆಯ ಸಂಪುಟದ ಭದ್ರತಾ ಸಮಿತಿ. 83 ತೇಜಸ್‌ಗಳಿಗೆ ಆ ಸಮಿತಿ ಒಪ್ಪಿದ್ದು 2021ರ ಜನವರಿಯಲ್ಲಿ, ಸಹಿ ಬಿದ್ದಿದ್ದು ಮುಂದಿನ ತಿಂಗಳು ಯಲಹಂಕದ ಏರೋ ಇಂಡಿಯಾದಲ್ಲಿ. ವಿಮಾನ ತಡವಾಯಿತು ಅಂತ ಒಬ್ಬರನ್ನೇ ಬೈಯುವವರಿಗೆ ನಾನು ಈ ಸಾಲನ್ನೇ ತೋರಿಸುತ್ತೇನೆ.

ಮಾಹಿತಿ ಹಕ್ಕಿನ ಅರ್ಜಿಯಾದರೆ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ ಇಲಾಖೆಯ ಹೆಸರನ್ನು ನೋಡಿ ಆರಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ತಪ್ಪು ಕಡೆ ಹೋದರೆ 5 ದಿನದೊಳಗೆ ಸರಿಯಾದ ಕಡೆ ದಾಟಿಸಬೇಕು ಅಂತ ಕಾನೂನಿನ 6(3)ನೇ ಕಲಂ ಹೇಳುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಡಿಆರ್‌ಡಿಒಗೆ ಈ ಕಾನೂನಿನಿಂದ ವಿನಾಯಿತಿ ಇದೆ. ಭ್ರಷ್ಟಾಚಾರ ಅಥವಾ ಮಾನವ ಹಕ್ಕಿನ ವಿಷಯ ಅಲ್ಲದಿದ್ದರೆ ಅಲ್ಲಿಗೆ ಸುಮ್ನೆ 10 ರೂಪಾಯಿ ದಂಡ.

ಮಾವ ಎರಡನೇ ಸಲ ಬರೆದಾಗ ಮೂರು ಪುಟ ಅರ್ಧ ಪುಟವಾಯಿತು. ಮೊದಲ ಸಾಲಲ್ಲಿ ಪಿಂಚಣಿ ಆದೇಶದ (ಪಿಪಿಓ) ನಂಬರು, ಎರಡನೆಯದರಲ್ಲಿ ಸರ್ವಿಸ್ ನಂಬರು, ಮೂರನೆಯದರಲ್ಲಿ ಎಷ್ಟು ಬರಬೇಕಿತ್ತು, ಎಷ್ಟು ಬಂತು. ಯುದ್ಧದ ನೆನಪುಗಳನ್ನೆಲ್ಲ ನಾನೇ ತೆಗೆಸಿದೆ, ಅದಕ್ಕೆ ಇನ್ನೂ ಮುನಿಸಿದೆ ಅವರಿಗೆ.