ಹದಿನೈದು ಲಕ್ಷದ ಸಿಟಿಸಿಯಲ್ಲಿ ಕೈಗೆ ಬರುವುದೆಷ್ಟು: ನಾನು ಲೆಕ್ಕ ಹಾಕಿದ ಬಗೆ

2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಂಸ್ಥೆಯೊಂದರಿಂದ 15,00,000 ರೂಪಾಯಿ ಸಿಟಿಸಿಯ (ನೌಕರನಿಗಾಗಿ ಸಂಸ್ಥೆ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಆಫರ್ ಲೆಟರ್ ಬಂತು. ಅದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 1,25,000 ಎಂದುಕೊಂಡು ಬಾಡಿಗೆ ಮನೆ ಹುಡುಕಲು ಹೊರಡಬಹುದಿತ್ತು; ಹಿಂದಿನ ಕೆಲಸಕ್ಕೆ ಸೇರುವಾಗ ಹಾಗೆಯೇ ಮಾಡಿ, ಮೊದಲ ಪೇ ಸ್ಲಿಪ್ ಕಂಡ ದಿನ ಕಂಗಾಲಾಗಿದ್ದೆ. ಆದ್ದರಿಂದ ಈ ಸಲ ಸಹಿ ಹಾಕುವ ಮೊದಲೇ ಸಂಬಳದ ವಿವರಗಳಿದ್ದ ಕೊನೆಯ ಪುಟವನ್ನು ಮುಂದಿಟ್ಟುಕೊಂಡು ಕುಳಿತೆ.

ಮೂಲವೇತನ ತಿಂಗಳಿಗೆ 50,000. ಅದರ ಮೇಲೆ ಸಂಸ್ಥೆ ತನ್ನ ಪಾಲಿನದೆಂದು ಕಟ್ಟುವ ಶೇ. 12ರ ಪಿಎಫ್, ಅಂದರೆ ವರ್ಷಕ್ಕೆ 72,000, ಸಿಟಿಸಿಯೊಳಗೇ ಸೇರಿತ್ತು. ಮೂಲವೇತನದ ಶೇ. 4.81ರ ಲೆಕ್ಕದಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಸೇವಾ ಉಪದಾನ) 28,860, ಗುಂಪು ವಿಮೆಯ ಕಂತು 7,140, ವರ್ಷದ ಕೊನೆಗೆ ಕೊಡುವ ಬೋನಸ್ 1,20,000. ಇವನ್ನೆಲ್ಲ ಕಳೆದರೆ ಉಳಿಯುವುದು 12,72,000, ತಿಂಗಳಿಗೆ 1,06,000. ಅದರಿಂದ ನನ್ನ ಪಾಲಿನ ಪಿಎಫ್ 6,000, ಕರ್ನಾಟಕದ ವೃತ್ತಿ ತೆರಿಗೆ 200 ಹೋಗಿ ಖಾತೆಗೆ ಬೀಳುವುದು 99,800. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300. ಸಂಸ್ಥೆ ಪಿಎಫ್ ಅನ್ನು ಪೂರ್ತಿ ಮೂಲವೇತನದ ಮೇಲೆ ಕಟ್ಟುತ್ತದೆಯೋ, 15,000ದ ವೇತನ ಮಿತಿಗೆ ನಿಲ್ಲಿಸಿ 1,800 ಮಾತ್ರ ಹಿಡಿಯುತ್ತದೆಯೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ತಿಂಗಳಿಗೆ 4,200ರ ವ್ಯತ್ಯಾಸ ಸಣ್ಣದಲ್ಲ.

ನಾನು ಹೆಚ್ಚು ಹೊತ್ತು ಕಳೆದದ್ದು ಆದಾಯ ತೆರಿಗೆಯ ಸಾಲಿನ ಮೇಲೆ. 2025–26ರ ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ಸಿಗುವ ನಿಗದಿತ ವಿನಾಯಿತಿ) ಕಳೆದರೆ ನನ್ನ ಆದಾಯ 11,97,000. ಹನ್ನೆರಡು ಲಕ್ಷದೊಳಗೆ ಇರುವುದರಿಂದ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಆದರೆ ಬೋನಸ್ ಸೇರಿದ ಕೂಡಲೇ ಆದಾಯ 13,17,000 ಆಗಿ ರಿಬೇಟ್ ಪೂರ್ತಿ ಕೈತಪ್ಪುತ್ತದೆ. ಆಗ ನಾಲ್ಕರಿಂದ ಎಂಟು ಲಕ್ಷದವರೆಗಿನ ಭಾಗಕ್ಕೆ 20,000, ಎಂಟರಿಂದ ಹನ್ನೆರಡಕ್ಕೆ 40,000, ಮೇಲಿನ 1,17,000ಕ್ಕೆ ಶೇ. 15ರಂತೆ 17,550, ತೆರಿಗೆಯ ಮೇಲಿನ ಶೇ. 4ರ ಸೆಸ್ 3,102 ಸೇರಿ ಒಟ್ಟು 80,652. ಮಾರ್ಜಿನಲ್ ರಿಲೀಫ್, ಅಂದರೆ ಹನ್ನೆರಡು ಲಕ್ಷ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ರಿಯಾಯಿತಿ, ಸುಮಾರು 12,70,000ದ ಆಚೆಗೆ ಸಿಗದ ಕಾರಣ ನನಗೆ ಅದರ ಆಸರೆಯೂ ಇರಲಿಲ್ಲ. ಹನ್ನೊಂದು ತಿಂಗಳು ತೆರಿಗೆಯೇ ಇಲ್ಲದೆ ಸಾಗಿದ ಸಂಬಳದಲ್ಲಿ 1,20,000ದ ಬೋನಸ್ ಬಂದ ತಿಂಗಳೇ 80,652 ಕಡಿತವಾಗುವ ಈ ಸಂಗತಿ, ತಿಂಗಳ ಲೆಕ್ಕವನ್ನಷ್ಟೇ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಬೋನಸ್ ಕೊಡುವವರೆಗೂ ಅದನ್ನು ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಪೇರೋಲ್ ವಿಭಾಗದವರು ಹೇಳಿದ್ದರು. ನವೆಂಬರ್‌ನಲ್ಲಿ ನಾನೇ ಲಿಖಿತವಾಗಿ ಕೋರಿಕೊಂಡ ಮೇಲೆ ಅವರು ಒಪ್ಪಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 20,163ರಂತೆ ಹಿಡಿದರು. ಡಿಸೆಂಬರ್ ಮತ್ತು ಜನವರಿಯಲ್ಲಿ 79,637, ಫೆಬ್ರವರಿಯಲ್ಲಿ 79,537 ಬಂತು. ಈ ಮೂರು ತಿಂಗಳ ಬಾಡಿಗೆ, ಶಾಲೆಯ ಶುಲ್ಕಗಳಿಗೆ ಮೊದಲೇ ಹಣ ಎತ್ತಿಟ್ಟಿದ್ದೆ. ಮಾರ್ಚ್‌ನಲ್ಲಿ ಬೋನಸ್ ಸಹಿತ ಬಂದ 1,99,637 ನನ್ನ ಹಾಳೆಯ ಅಂಕಿಗೆ ರೂಪಾಯಿಯಷ್ಟೂ ತಪ್ಪದೆ ಹೊಂದಿತು.

ಮುಂದಿನ ವರ್ಷಕ್ಕೆ ಸಂಬಳದ ಭಾಗವಾದ ವಿಶೇಷ ಭತ್ಯೆಯಿಂದ 84,000ವನ್ನು, ಅಂದರೆ ಮೂಲವೇತನದ ಶೇ. 14ನ್ನು, ಸಂಸ್ಥೆಯ ವಂತಿಗೆಯಾಗಿ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ತಿರುಗಿಸಲು ಕೇಳಿಕೊಂಡಿದ್ದೇನೆ. ಆ ವಂತಿಗೆಗೆ ತೆರಿಗೆ ಇಲ್ಲದ್ದರಿಂದ, ಅದೇ ದರಗಳಲ್ಲಿ ಆದಾಯ 12,33,000ಕ್ಕೆ ಇಳಿದು, ಮಾರ್ಜಿನಲ್ ರಿಲೀಫ್‌ನಿಂದ ತೆರಿಗೆ ಹೆಚ್ಚುವರಿ ಆದಾಯವಾದ 33,000ಕ್ಕೆ ಸೀಮಿತವಾಗಿ, ಸೆಸ್ ಸೇರಿ 34,320 ಆಗುತ್ತದೆ. ತಿಂಗಳಿಗೆ 7,000 ಕಡಿಮೆ ಬರುವುದು ನಿಜ, ಆ ಹಣ ನಿವೃತ್ತಿಯವರೆಗೆ ಬಹುಮಟ್ಟಿಗೆ ಕೈಗೆ ಸಿಗದೆಂಬುದೂ ನಿಜ. ಆದರೂ ತೆರಿಗೆಯಲ್ಲಿ ಉಳಿಯುವ 46,332ನ್ನು ಕಳೆದು ನೋಡಿದರೆ, 84,000ದ ಉಳಿತಾಯಕ್ಕೆ ವರ್ಷಕ್ಕೆ ನನ್ನ ಕೈಯಿಂದ ಹೋಗುವುದು 37,668.